ವಿದೇಶಿ ಪಾಸ್‌ಪೋರ್ಟ್ ಇರುವವರು ಮಂಗಳೂರು, ಉಡುಪಿಯಲ್ಲಿ ಕೆಲಸ ಮಾಡಬಹುದೇ? ಹಂತ ಹಂತದ ಮಾರ್ಗದರ್ಶಿ

ಈ ಪ್ರಶ್ನೆ ಓದುಗರಿಂದ ಮೂರು ರೂಪದಲ್ಲಿ ಬರುತ್ತಲೇ ಇರುತ್ತದೆ. ಒಂದು: "ಸೊಸೆ ಜರ್ಮನಿಯವಳು, ಮಗನ ಜತೆ ಇಲ್ಲೇ ಬಂದು ನೆಲೆಸಿದ್ದಾಳೆ. ಮನೆಯಲ್ಲಿ ಕೂತು ಕೂತು ಬೇಜಾರು ಅಂತಾಳೆ, ಹತ್ತಿರದ ಶಾಲೆಯಲ್ಲಿ ಪಾಠ ಮಾಡಬಹುದಾ?" ಎರಡು: "ತಂಗಿಯ ಮಗ ಹುಟ್ಟಿದ್ದೇ ಅಮೆರಿಕದಲ್ಲಿ. ಈಗ ಅಜ್ಜನ ಮನೆಯಲ್ಲಿದ್ದುಕೊಂಡು ಮಂಗಳೂರಿನ ಕಂಪೆನಿಗೆ ಸೇರಬೇಕಂತೆ, ಆಗ್ತದಾ?" ಮೂರನೆಯದು ಮಣಿಪಾಲ, ದೇರಳಕಟ್ಟೆ ಕಡೆಯ ಮನೆ ಮಾಲೀಕರದ್ದು: "ನಮ್ಮಲ್ಲಿ ಬಾಡಿಗೆಗಿರುವ ವಿದೇಶಿ ಹುಡುಗ ಕೆಫೆಯೊಂದರಲ್ಲಿ ಪಾರ್ಟ್‌ಟೈಮ್ ಸೇರಿಕೊಂಡಿದ್ದಾನೆ. ನಮಗೇನಾದರೂ ತೊಂದರೆಯಾ?"

ಚುಟುಕಾಗಿ ಹೇಳುವುದಾದರೆ, ಸೊಸೆಗೆ ಸದ್ಯಕ್ಕೆ ಇಲ್ಲ, ಮದುವೆ ನೋಂದಣಿಯಾಗಿ ಎರಡು ವರ್ಷ ಕಳೆದು ಒಸಿಐ ಕಾರ್ಡ್, ಅಂದರೆ ಭಾರತೀಯ ಮೂಲದವರಿಗೂ ಭಾರತೀಯರನ್ನು ಮದುವೆಯಾದವರಿಗೂ ಸಿಗುವ ಆಜೀವ ವೀಸಾ, ಕೈಗೆ ಬಂದ ಮೇಲೆ ಹೌದು. ತಂಗಿಯ ಮಗನ ಬಳಿ ಒಸಿಐ ಕಾರ್ಡ್ ಇದ್ದರೆ ನಾಳೆಯೇ ಸೇರಬಹುದು. ಕೆಫೆಯ ಹುಡುಗ ಮಾಡುತ್ತಿರುವುದು ತಪ್ಪು. ಮಾಲೀಕರ ಹೊಣೆ ಏನೆಂದು ಮುಂದೆ ಹೇಳುತ್ತೇನೆ.

ಮೂವರ ಉತ್ತರ ಮೂರು ಥರ ಇರುವುದಕ್ಕೆ ಕಾರಣ ಕೆಲಸವಲ್ಲ, ಪಾಸ್‌ಪೋರ್ಟಿನಲ್ಲಿರುವ ಕಾಗದ. ನಮ್ಮಲ್ಲಿ ಹೆಚ್ಚಿನವರು ಮೊದಲು ಕೆಲಸ ಹುಡುಕಿ, ಆಮೇಲೆ "ಪರ್ಮಿಷನ್ ಮಾಡಿಸಿಕೊಡಿ" ಎಂದು ಓಡಾಡುತ್ತಾರೆ. ಕೆಲವು ದೇಶಗಳಲ್ಲಿ ವೀಸಾ ಒಂದು, ಅದರ ಮೇಲೆ ಕೆಲಸದ ಪರವಾನಗಿ ಇನ್ನೊಂದು ಎಂದು ಬೇರೆ ಬೇರೆ ಕೊಡುತ್ತಾರೆ. ಭಾರತದಲ್ಲಿ ಅಂಥ ಪ್ರತ್ಯೇಕ ಪರವಾನಗಿ ಇಲ್ಲ. ಕೆಲಸದ ಅನುಮತಿ ವೀಸಾದೊಳಗೇ ಇರುತ್ತದೆ, ಇಲ್ಲವಾದರೆ ಇಲ್ಲವೇ ಇಲ್ಲ.

1. ಮೊದಲು ವೀಸಾ ಸ್ಟಿಕ್ಕರ್ ಓದಿ

ಪಾಸ್‌ಪೋರ್ಟಿನ ಒಳಪುಟದಲ್ಲಿ ಅಂಟಿಸಿದ ವೀಸಾ ಸ್ಟಿಕ್ಕರನ್ನು ಬೆಳಕಿನಲ್ಲಿ ಹಿಡಿದು ನಿಧಾನವಾಗಿ ಓದಿ. ಮೂರು ಸಂಗತಿ ಹುಡುಕಬೇಕು: ವೀಸಾದ ಬಗೆ, ಮುಗಿಯುವ ದಿನಾಂಕ, ಮತ್ತು ಕೆಳಗೆ ಸಣ್ಣ ಅಕ್ಷರದಲ್ಲಿರುವ ಷರತ್ತು. "ನೋಂದಣಿ ಅಗತ್ಯ", "ಉದ್ಯೋಗಕ್ಕೆ ಅನುಮತಿ ಇಲ್ಲ" ಎಂಬಂಥ ಮಾತುಗಳು ಇರುವುದು ಅಲ್ಲೇ. ಇ-ವೀಸಾದಲ್ಲಿ ಬಂದವರಿಗೆ ಸ್ಟಿಕ್ಕರ್ ಇರುವುದಿಲ್ಲ. ಇ-ಮೇಲಿಗೆ ಬಂದ ಅನುಮತಿ ಪತ್ರದ ಪ್ರಿಂಟ್ ಮತ್ತು ವಿಮಾನ ನಿಲ್ದಾಣದಲ್ಲಿ ಹಾಕಿದ ಮುದ್ರೆ, ಎರಡನ್ನೂ ಒಟ್ಟಿಗಿಟ್ಟು ನೋಡಿ.

ಕರಾವಳಿಯಲ್ಲಿ ಸಾಮಾನ್ಯವಾಗಿ ಕಾಣಸಿಗುವ ಬಗೆಗಳು ಇಷ್ಟು.

ಟೂರಿಸ್ಟ್ ವೀಸಾ, ಇ-ಟೂರಿಸ್ಟ್ ವೀಸಾ: ಸಂಬಳದ ಕೆಲಸ ಇಲ್ಲವೇ ಇಲ್ಲ. ಇ-ಟೂರಿಸ್ಟ್‌ನಲ್ಲಿ ಎರಡು ಸಣ್ಣ ಸಡಿಲಿಕೆಗಳಿವೆ. ಒಂದು ತಿಂಗಳೊಳಗಿನ ಸ್ವಯಂಸೇವೆ ಮಾಡಬಹುದು, ಅದಕ್ಕೆ ಪ್ರತಿಯಾಗಿ ಹಣವಾಗಲಿ ಬೇರೆ ರೂಪದ ಪ್ರತಿಫಲವಾಗಲಿ ಪಡೆಯಬಾರದು. ಯೋಗ, ಸ್ಥಳೀಯ ಭಾಷೆ, ಸಂಗೀತ, ನೃತ್ಯ, ಅಡುಗೆ ಮುಂತಾದವನ್ನು ಕಲಿಯುವ ಆರು ತಿಂಗಳೊಳಗಿನ ಕೋರ್ಸಿಗೂ ಸೇರಬಹುದು. ಹಾಗಾಗಿ ಉಡುಪಿಗೆ ಬಂದು ಯಕ್ಷಗಾನದ ಹೆಜ್ಜೆ ಕಲಿಯಲು ಅಡ್ಡಿಯಿಲ್ಲ, ಗೆಜ್ಜೆ ಕಟ್ಟಿ ಸಂಭಾವನೆ ಪಡೆದರೆ ಅದು ಕೆಲಸವಾಯಿತು. ಮೂಲ್ಕಿಯ ಕಡಲಲ್ಲಿ ಸರ್ಫಿಂಗ್ ಆಡುವುದು ಪ್ರವಾಸ, ದುಡ್ಡು ತೆಗೆದುಕೊಂಡು ಕಲಿಸಿದರೆ ಅದೂ ಕೆಲಸವೇ.

ಸ್ಟೂಡೆಂಟ್ ವೀಸಾ: ಓದಲು ಮಾತ್ರ. ಪಾರ್ಟ್‌ಟೈಮ್ ಕೆಲಸವೂ ಇಲ್ಲ.

ಎಂಟ್ರಿ ವೀಸಾ, ಅಂದರೆ ಎಲ್ಲರೂ ಎಕ್ಸ್ ವೀಸಾ ಎನ್ನುವುದು: ಭಾರತೀಯರನ್ನು ಮದುವೆಯಾದವರು, ಭಾರತೀಯ ಮೂಲದವರು, ಇಲ್ಲಿ ಕೆಲಸಕ್ಕೆ ಬಂದವರ ಕುಟುಂಬದವರು, ಇವರೆಲ್ಲ ಬರುವುದು ಇದರಲ್ಲಿ. ಇಲ್ಲಿ ವಾಸಿಸಬಹುದು. ಉದ್ಯೋಗ, ವ್ಯಾಪಾರ ಎರಡೂ ಕೂಡದು.

ಬಿಸಿನೆಸ್ ವೀಸಾ: ಮಾತುಕತೆ, ಖರೀದಿ, ಕಂಪೆನಿ ಸ್ಥಾಪನೆಯಂಥವಕ್ಕೆ. ಇಲ್ಲಿನ ಸಂಸ್ಥೆಯೊಂದರ ಸಂಬಳದ ನೌಕರನಾಗಲು ಇದು ಸಾಲದು.

ಎಂಪ್ಲಾಯ್‌ಮೆಂಟ್ ವೀಸಾ: ಯಾವ ಕಂಪೆನಿಯ ಹೆಸರಿನಲ್ಲಿ ಸಿಕ್ಕಿದೆಯೋ ಅಲ್ಲಿ ಕೆಲಸ ಮಾಡಬಹುದು.

ಒಸಿಐ ಕಾರ್ಡ್, ಅಂದರೆ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್: ಕೆಲವನ್ನು ಬಿಟ್ಟರೆ ಖಾಸಗಿ ವಲಯದ ಬಹುತೇಕ ಎಲ್ಲ ಕೆಲಸಕ್ಕೂ ದಾರಿ ತೆರೆದಿದೆ. ಹೆಸರಿನಲ್ಲಿ "ನಾಗರಿಕ" ಎಂದಿದ್ದರೂ ಇದು ಪೌರತ್ವವಲ್ಲ, ಆಜೀವ ವೀಸಾ.

ನೇಪಾಳದವರ ಬಗ್ಗೆಯೂ ಹೋಟೆಲಿನವರು ಕೇಳುವುದುಂಟು. ಅವರಿಗೆ ವೀಸಾವೇ ಬೇಕಿಲ್ಲ. 1950ರ ಭಾರತ-ನೇಪಾಳ ಒಪ್ಪಂದದ ಪ್ರಕಾರ ಇಲ್ಲಿ ಬಂದು ದುಡಿಯಬಹುದು. ಈ ಲೇಖನ ಅವರಿಗೆ ಅನ್ವಯಿಸುವುದಿಲ್ಲ.

ಎಚ್ಚರ: ಆಧಾರ್ ಕಾರ್ಡ್ ಕೆಲಸದ ಅನುಮತಿಯಲ್ಲ. ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದ ವಿದೇಶಿಯರಿಗೂ ಆಧಾರ್ ಸಿಗುತ್ತದೆ. ಪ್ಯಾನ್ ಕಾರ್ಡ್ ಕೂಡ ಹಾಗೆಯೇ. "ಆಧಾರ್ ಉಂಟಲ್ಲ, ಪ್ಯಾನ್ ಉಂಟಲ್ಲ, ಇನ್ನೇನು ಬೇಕು" ಎಂದು ಸಂಬಳಕ್ಕೆ ಸೇರಿಸಿಕೊಳ್ಳುವ ಸಣ್ಣ ಸಂಸ್ಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಸಿಕ್ಕಿಬಿದ್ದಾಗ ಮೊದಲು ಪೇಚಿಗೆ ಸಿಲುಕುವುದು ಪಾಸ್‌ಪೋರ್ಟಿನ ಒಡೆಯ.

2. ನೋಂದಣಿ ಬಾಕಿ ಇದ್ದರೆ ಮೊದಲು ಅದನ್ನು ಮುಗಿಸಿ

180 ದಿನಕ್ಕಿಂತ ಹೆಚ್ಚಿನ ಅವಧಿಯ ವೀಸಾದಲ್ಲಿ ಬಂದವರು, ಸ್ಟಿಕ್ಕರಿನಲ್ಲಿ ನೋಂದಣಿಯ ಷರತ್ತಿದ್ದರೆ, ಬಂದಿಳಿದ 14 ದಿನದೊಳಗೆ ಹೆಸರು ನೋಂದಾಯಿಸಬೇಕು. 12 ವರ್ಷದೊಳಗಿನ ಮಕ್ಕಳಿಗೂ ಒಸಿಐ ಕಾರ್ಡ್ ಇರುವವರಿಗೂ ಇದು ಬೇಕಿಲ್ಲ.

ಇದನ್ನು ನೋಡಿಕೊಳ್ಳುವುದು ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ, ಎಲ್ಲರ ಬಾಯಲ್ಲಿ ಎಫ್‌ಆರ್‌ಆರ್‌ಒ. ಕರ್ನಾಟಕದ್ದು ಬೆಂಗಳೂರಿನಲ್ಲಿದೆ. ಜಿಲ್ಲೆಯ ಮಟ್ಟದಲ್ಲಿ ಪೊಲೀಸ್ ಇಲಾಖೆಯ ಮುಖ್ಯಸ್ಥರೇ ವಿದೇಶಿಯರ ನೋಂದಣಿ ಅಧಿಕಾರಿ. ಮಂಗಳೂರು ನಗರದಲ್ಲಾದರೆ ಪೊಲೀಸ್ ಕಮಿಷನರ್, ಉಡುಪಿಯಲ್ಲಿ ಎಸ್‌ಪಿ. ಪುತ್ತೂರು, ಬಂಟ್ವಾಳ, ಬೆಳ್ತಂಗಡಿ ಕಡೆಯವರು ದಕ್ಷಿಣ ಕನ್ನಡ ಎಸ್‌ಪಿ ವ್ಯಾಪ್ತಿಗೆ ಬರುತ್ತಾರೆ, ಸುರತ್ಕಲ್, ಮೂಲ್ಕಿ, ಮೂಡುಬಿದಿರೆಯವರು ಕಮಿಷನರ್ ವ್ಯಾಪ್ತಿಗೆ. 2018ರಿಂದ ಅರ್ಜಿ ಹಾಕುವುದು ಇ-ಎಫ್‌ಆರ್‌ಆರ್‌ಒ ಎಂಬ ಸರ್ಕಾರಿ ಜಾಲತಾಣದಲ್ಲಿ. ಕರೆದರೆ ಮಾತ್ರ ಕಚೇರಿಗೆ ಹೋದರೆ ಸಾಕು.

ಇಲ್ಲಿ ನಮ್ಮವರು ಎಡವುವುದು ವಿಳಾಸದ ದಾಖಲೆಯಲ್ಲಿ. ಕರಾವಳಿಯ ಮನೆಗಳ ಕಥೆ ನಿಮಗೆ ಗೊತ್ತೇ ಇದೆ: ಮೆಸ್ಕಾಂ ಬಿಲ್ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಬರುತ್ತಿರುತ್ತದೆ, ಗಂಡನ ಆಧಾರ್‌ನಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ವಿಳಾಸ, ಮದುವೆ ಸರ್ಟಿಫಿಕೇಟಿನಲ್ಲಿ ಮನೆತನದ ಹೆಸರು, ಡೋರ್ ನಂಬರ್ ಎಲ್ಲೂ ಇಲ್ಲ. ಇವು ಒಂದಕ್ಕೊಂದು ತಾಳೆಯಾಗದೆ ಅರ್ಜಿ ವಾಪಸ್ ಬರುತ್ತದೆ. ಮನೆ ಯಾರ ಹೆಸರಿನಲ್ಲಿದೆಯೋ ಅವರಿಂದ "ಇಂಥವರು ನಮ್ಮ ಮನೆಯಲ್ಲೇ ವಾಸವಾಗಿದ್ದಾರೆ" ಎಂದು ಬರೆಸಿ ಸಹಿ ಮಾಡಿಸಿದ ಪತ್ರ, ಅವರ ಗುರುತಿನ ಚೀಟಿ, ಇತ್ತೀಚಿನ ಬಿಲ್ಲು, ಈ ಮೂರನ್ನು ಒಂದೇ ಫೈಲಾಗಿ ಹಾಕಿ. ಬಿಲ್ಲು ಅಜ್ಜನ ಹೆಸರಿನಲ್ಲಿದ್ದರೆ ಮೊದಲು ಮೆಸ್ಕಾಂನಲ್ಲಿ ಹೆಸರು ಬದಲಿಸಿಕೊಳ್ಳಿ. ಮುಂದೆ ಒಸಿಐಗೂ ಅದೇ ಬೇಕಾಗುತ್ತದೆ.

ಮನೆ ಮಾಲೀಕರಿಗೆ: ವಿದೇಶಿಯರು ನಿಮ್ಮ ಮನೆ, ಹೋಂಸ್ಟೇ, ಪಿಜಿಗೆ ಬಂದ 24 ಗಂಟೆಯೊಳಗೆ ಫಾರಂ-III (ಹಿಂದಿನ ಫಾರಂ-ಸಿ) ಎಂಬ ಮಾಹಿತಿ ನಮೂನೆಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ನಿಮ್ಮ ಹೊಣೆ ಇದು. ಕೆಫೆಯಲ್ಲಿ ಕೆಲಸಕ್ಕಿಟ್ಟುಕೊಂಡವರದ್ದು ಬೇರೆ ಹೊಣೆ. ಈ ನಮೂನೆ ಸಲ್ಲಿಸದೇ ಇದ್ದರೆ ಮಾತ್ರ ಹುಡುಗನ ವಿಚಾರಣೆಯಲ್ಲಿ ನಿಮ್ಮ ಹೆಸರೂ ಬರುತ್ತದೆ.

ಹಳೆಯ 1946ರ ವಿದೇಶಿಯರ ಕಾಯ್ದೆ ಈಗ ಇಲ್ಲ. ವಲಸೆ ಮತ್ತು ವಿದೇಶಿಯರ ಕಾಯ್ದೆ, 2025 ಅದೇ ವರ್ಷದ ಸೆಪ್ಟೆಂಬರ್ 1ರಂದು ಜಾರಿಗೆ ಬಂದಿದೆ. ವೀಸಾ ಅವಧಿ ಮೀರಿ ಉಳಿದರೆ ಅಥವಾ ಷರತ್ತು ಮುರಿದರೆ 3 ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಇದಕ್ಕಿಂತ ದೊಡ್ಡ ಪೆಟ್ಟು, ಮುಂದೆ ವೀಸಾ ಸಿಗುವುದೇ ಕಷ್ಟವಾಗುವುದು. ಮದುವೆಯಾಗಿ ಬಂದವರಿಗೆ ಅದು ಸಂಸಾರದ ಪ್ರಶ್ನೆ.

3. ಎಂಪ್ಲಾಯ್‌ಮೆಂಟ್ ವೀಸಾ ನಿಮಗೆ ಹೊಂದುತ್ತದೆಯೇ ಎಂದು ಲೆಕ್ಕ ಹಾಕಿ

ಇದರ ಹೆಬ್ಬಾಗಿಲು ಸಂಬಳ. ವರ್ಷಕ್ಕೆ 16.25 ಲಕ್ಷ ರೂಪಾಯಿಗಿಂತ ಹೆಚ್ಚಿನ ಸಂಬಳ ಇದ್ದರೆ ಮಾತ್ರ ಎಂಪ್ಲಾಯ್‌ಮೆಂಟ್ ವೀಸಾ. ತಿಂಗಳಿಗೆ ಸುಮಾರು 1.35 ಲಕ್ಷ. ಬೆಂಗಳೂರಿನ ಐಟಿ ಕಂಪೆನಿಗೆ ಇದು ದೊಡ್ಡ ಮೊತ್ತವಲ್ಲ. ಆದರೆ ಮಂಗಳೂರಿನ ಶಾಲೆ, ಆಸ್ಪತ್ರೆಯ ಫ್ರಂಟ್ ಆಫೀಸ್, ಉಡುಪಿಯ ರೆಸಾರ್ಟ್ ಕೊಡುವ ಸಂಬಳ ಇದರ ಹತ್ತಿರವೂ ಸುಳಿಯುವುದಿಲ್ಲ. ಜತೆಗೆ ಕೆಲಸ ವಿಶೇಷ ಪರಿಣತಿ ಬೇಡುವಂಥದ್ದಾಗಿರಬೇಕು. ಗುಮಾಸ್ತೆ, ಸೆಕ್ರೆಟರಿ, ರಿಸೆಪ್ಷನ್ ಮುಂತಾದ, ಇಲ್ಲಿನವರೇ ಧಾರಾಳವಾಗಿ ಸಿಗುವ ಕೆಲಸಗಳಿಗೆ ಕೊಡುವುದಿಲ್ಲ.

ಸಂಬಳದ ಮಿತಿಗೆ ಕೆಲವು ವಿನಾಯಿತಿಗಳಿವೆ, ಓದುಗರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಇವೇ:

ತಮ್ಮ ದೇಶದ ಅಡುಗೆ ಮಾಡುವ ಬಾಣಸಿಗರು. ಥಾಯ್ ರೆಸ್ಟೋರೆಂಟಿಗೆ ಥಾಯ್ಲೆಂಡಿನ ಬಾಣಸಿಗ ಎಂಬಂತೆ.

ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವವರು ಮತ್ತು ಅನುವಾದಕರು. ಮೊದಲ ಪ್ರಶ್ನೆಯ ಜರ್ಮನ್ ಸೊಸೆಗೆ ಬಾಗಿಲು ಸ್ವಲ್ಪ ತೆರೆಯುವುದು ಇಲ್ಲಿ. ಶಾಲೆಯಲ್ಲಿ ಇಂಗ್ಲಿಷ್ ಅಥವಾ ಗಣಿತ ಕಲಿಸಲು ಹೊರಟರೆ 16.25 ಲಕ್ಷದ ಗೋಡೆ ಎದುರಾಗುತ್ತದೆ, ಜರ್ಮನ್ ಭಾಷೆ ಕಲಿಸಿದರೆ ಆ ಗೋಡೆಯೇ ಇಲ್ಲ. ನಮ್ಮ ನರ್ಸಿಂಗ್ ಮಕ್ಕಳು ಜರ್ಮನಿಗೆ ಹೋಗಲು ಆ ಭಾಷೆ ಕಲಿಯುತ್ತಿರುವ ಈ ದಿನಗಳಲ್ಲಿ ಇದು ಬರೀ ಕಾಗದದ ಮೇಲಿನ ಅವಕಾಶವಲ್ಲ. ಆದರೆ ಕಲಿಸುವ ಸಂಸ್ಥೆ ಇಲ್ಲಿ ನೋಂದಣಿಯಾಗಿರಬೇಕು, ನೇಮಕಾತಿ ಪತ್ರ ಕೊಡಬೇಕು, ತೆರಿಗೆ ಮುರಿದು ಕಟ್ಟಬೇಕು. ಮನೆ ಜಗಲಿಯ ಟ್ಯೂಷನ್ ಇದಕ್ಕೆ ಲೆಕ್ಕವಿಲ್ಲ.

ನೋಂದಾಯಿತ ಸೇವಾ ಸಂಸ್ಥೆಗಳಲ್ಲಿ ಗೌರವ ಸೇವೆ ಮಾಡುವವರು. ತಿಂಗಳಿಗೆ 10,000 ರೂಪಾಯಿವರೆಗೆ ಗೌರವಧನ ಪಡೆಯಬಹುದು.

ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಂಸ್ಥೆಗಳ ಅಧ್ಯಾಪಕರಿಗೆ ಪ್ರತ್ಯೇಕ ಮಿತಿ, ವರ್ಷಕ್ಕೆ 9.10 ಲಕ್ಷ. ನಮ್ಮ ಕಡೆ ಸುರತ್ಕಲ್‌ನ ಎನ್‌ಐಟಿಕೆ ಈ ಸಾಲಿಗೆ ಸೇರುತ್ತದೆ. ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯಗಳು ಸೇರುವುದಿಲ್ಲ.

ಇನ್ನೊಂದು ದೊಡ್ಡ ಅಡಚಣೆ, ಈ ವೀಸಾ ಸಾಮಾನ್ಯವಾಗಿ ಸಿಗುವುದು ಹೊರಗಿನಿಂದ. ಅರ್ಜಿದಾರರು ತಮ್ಮ ದೇಶದ, ಅಥವಾ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಕಾಯಂ ವಾಸವಿದ್ದ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಟೂರಿಸ್ಟ್ ವೀಸಾದಲ್ಲಿ ಬಂದು, ಕೆಲಸ ಸಿಕ್ಕಿತೆಂದು ಇಲ್ಲೇ ಬದಲಿಸಿಕೊಳ್ಳಲು ಆಗುವುದಿಲ್ಲ. ಭಾರತೀಯರನ್ನು ಮದುವೆಯಾಗಿ ಎಕ್ಸ್ ವೀಸಾದಲ್ಲಿರುವವರು ಇ-ಎಫ್‌ಆರ್‌ಆರ್‌ಒದಲ್ಲಿ "ವೀಸಾ ಪರಿವರ್ತನೆ" ಸೇವೆಯಡಿ ಅರ್ಜಿ ಹಾಕಿ ಪ್ರಯತ್ನಿಸಬಹುದು. ಕೊಡುವುದು ಬಿಡುವುದು ಇಲಾಖೆಯ ತೀರ್ಮಾನ. ಒಪ್ಪಿಗೆ ಕೈಗೆ ಬರುವವರೆಗೆ ಒಂದು ದಿನದ ಟ್ರಯಲ್ ಕ್ಲಾಸ್ ಕೂಡ ಬೇಡ.

ಎಂಪ್ಲಾಯ್‌ಮೆಂಟ್ ವೀಸಾ ಸಿಕ್ಕವರಿಗೆ ಒಂದು ಮಾತು: ಕಂಪೆನಿ ಬದಲಿಸಿದರೆ ವೀಸಾ ನಿಮ್ಮ ಹಿಂದೆ ಬರುವುದಿಲ್ಲ. ಅದೇ ಸಮೂಹದ ಕಂಪೆನಿಗೆ ಹೋಗುವಂಥ ಕೆಲವು ಸಂದರ್ಭ ಬಿಟ್ಟರೆ, ತಮ್ಮ ದೇಶಕ್ಕೆ ಹೋಗಿ ಹೊಸ ವೀಸಾ ಮಾಡಿಸಿಕೊಂಡೇ ಬರಬೇಕು. ಭವಿಷ್ಯ ನಿಧಿಯ ವಿಷಯವನ್ನೂ ಕಂಪೆನಿಯ ಆಡಿಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ. ವಿದೇಶಿ ನೌಕರರ ಇಡೀ ಸಂಬಳದ ಮೇಲೆ ವಂತಿಗೆ ಮುರಿಯಬೇಕೆಂಬ ವಿಶೇಷ ನಿಯಮವನ್ನು 2024ರಲ್ಲಿ ಕರ್ನಾಟಕ ಹೈಕೋರ್ಟ್ ಅಸಿಂಧು ಎಂದಿತು, ಕಂಪೆನಿಗಳು ಅದನ್ನು ಒಂದೊಂದು ಥರ ಪಾಲಿಸುತ್ತಿವೆ.

4. ಮದುವೆಯಾಗಿ ಬಂದವರು ಎರಡು ವರ್ಷದ ಗಡಿಯಾರವನ್ನು ಇವತ್ತೇ ಶುರು ಮಾಡಿ

ನನ್ನನ್ನು ಕೇಳಿದರೆ, ಭಾಷಾ ಶಿಕ್ಷಕರನ್ನು ಬಿಟ್ಟು ಉಳಿದ ಸೊಸೆಯಂದಿರು, ಅಳಿಯಂದಿರು ಎಂಪ್ಲಾಯ್‌ಮೆಂಟ್ ವೀಸಾದ ಹಿಂದೆ ಓಡುವುದು ದುಡ್ಡು ದಂಡ. ಒಸಿಐ ದಾರಿ ನಿಧಾನ, ಆದರೆ ಸಿಕ್ಕ ಮೇಲೆ ಕಂಪೆನಿ, ಸಂಬಳ, ನೋಂದಣಿ ಯಾವ ಕಿರಿಕಿರಿಯೂ ಇಲ್ಲ.

ಭಾರತೀಯ ನಾಗರಿಕರ ಅಥವಾ ಒಸಿಐ ಕಾರ್ಡುದಾರರ ವಿದೇಶಿ ಮೂಲದ ಗಂಡ ಅಥವಾ ಹೆಂಡತಿ ಒಸಿಐಗೆ ಅರ್ಹರು. ಮದುವೆ ನೋಂದಣಿಯಾಗಿರಬೇಕು, ಮತ್ತು ಅರ್ಜಿಗೆ ಮುಂಚಿನ ಎರಡು ವರ್ಷ ಎಡೆಬಿಡದೆ ದಾಂಪತ್ಯ ಇರಬೇಕು. ಪಾಕಿಸ್ತಾನ, ಬಾಂಗ್ಲಾದೇಶದ ಪೌರತ್ವ ಇದ್ದವರಿಗೆ ಈ ದಾರಿ ಇಲ್ಲ.

ಕರಾವಳಿಯ ಕುಟುಂಬಗಳು ಕಾಲ ಕಳೆದುಕೊಳ್ಳುವುದು ನೋಂದಣಿಯಲ್ಲಿ. ದೇವಸ್ಥಾನದಲ್ಲಿ ಧಾರೆ ಎರೆದು, ಹಾಲ್‌ನಲ್ಲಿ ಊಟ ಹಾಕಿಸಿ, ಆಲ್ಬಂ ಕೂಡ ಬಂದಿರುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವುದು ಮಾತ್ರ "ಮುಂದಿನ ಸಲ ಊರಿಗೆ ಬಂದಾಗ" ಎಂದು ಉಳಿದಿರುತ್ತದೆ. ಇಬ್ಬರಲ್ಲಿ ಒಬ್ಬರು ಬೇರೆ ಧರ್ಮದವರಾದರೆ ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಆಗುವುದಿಲ್ಲ, 1954ರ ವಿಶೇಷ ವಿವಾಹ ಕಾಯ್ದೆಯೇ ಗತಿ. ಅದರಲ್ಲಿ 30 ದಿನದ ಸಾರ್ವಜನಿಕ ನೋಟಿಸ್ ಇದೆ, ಅದಕ್ಕೂ ಮುಂಚೆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕೆಂಬ ಷರತ್ತಿದೆ. ಅಂದರೆ ಎರಡು ವಾರದ ರಜೆಯಲ್ಲಿ ಬಂದು ಮುಗಿಸುವ ಕೆಲಸ ಇದಲ್ಲ. ವಿದೇಶದಲ್ಲೇ ಮದುವೆ ನೋಂದಣಿಯಾಗಿದ್ದರೆ ಆ ಸರ್ಟಿಫಿಕೇಟಿಗೆ ಆ ದೇಶದಲ್ಲೇ ಅಪೊಸ್ಟಿಲ್ ಹಾಕಿಸಿಕೊಂಡು ಬನ್ನಿ. ಅಪೊಸ್ಟಿಲ್ ಎಂದರೆ ದಾಖಲೆ ಅಸಲಿ ಎಂದು ಆ ಸರ್ಕಾರವೇ ಒತ್ತುವ, ಬೇರೆ ದೇಶಗಳೂ ಒಪ್ಪುವ ಮುದ್ರೆ. ಈ ವ್ಯವಸ್ಥೆಗೆ ಸೇರದ ದೇಶಗಳ ದಾಖಲೆಗಾದರೆ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಬೇಕು. ಇಲ್ಲಿಗೆ ಬಂದ ಮೇಲೆ ಎರಡನ್ನೂ ಮಾಡಿಸುವುದು ತಲೆನೋವು.

ಈ ಎರಡು ವರ್ಷ ಎಕ್ಸ್ ವೀಸಾದಲ್ಲಿರುವಾಗ ಏನು ಮಾಡಬಹುದು, ಏನು ಕೂಡದು? ಸಂಬಳ ಕೂಡದು ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಕ್ರಿಸ್‌ಮಸ್‌ಗೆ ಅತ್ತೆಯ ಜತೆ ಕುಸ್ವಾರ್ (ಹಬ್ಬದ ತಿಂಡಿಗಳು) ಮಾಡಿ ಇನ್‌ಸ್ಟಾಗ್ರಾಂನಲ್ಲಿ ಆರ್ಡರ್ ತೆಗೆದುಕೊಳ್ಳುವುದು, ಅಪಾರ್ಟ್‌ಮೆಂಟಿನ ಮಕ್ಕಳಿಗೆ ಫೀಸು ತೆಗೆದುಕೊಂಡು ಪಿಯಾನೊ ಹೇಳಿಕೊಡುವುದು, ಇವೂ ದುಡಿಮೆಯೇ. ಅತ್ತೆಯ ವ್ಯಾಪಾರ ಅತ್ತೆಯ ಹೆಸರಿನಲ್ಲಿ, ಅತ್ತೆಯ ಖಾತೆಯಲ್ಲಿ ನಡೆಯಲಿ. ಸೊಸೆ ಅಡುಗೆಮನೆಯಲ್ಲಿ ಕೈಜೋಡಿಸುವುದನ್ನು ಯಾರೂ ಕೇಳುವುದಿಲ್ಲ, ಗೂಗಲ್ ಪೇ ಅವಳ ನಂಬರಿಗೆ ಬರಬಾರದು. ತನ್ನ ದೇಶದಲ್ಲಿರುವ ಹಣದ ಬಡ್ಡಿ, ಅಲ್ಲಿನ ಮನೆಯ ಬಾಡಿಗೆ, ಇವು ದುಡಿಮೆಯಲ್ಲ.

ಇನ್ನು ಎಲ್ಲರೂ ಪಿಸುಮಾತಿನಲ್ಲಿ ಕೇಳುವ ಪ್ರಶ್ನೆ: "ಅವಳು ಜರ್ಮನಿಯ ಕಂಪೆನಿಗೇ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತಾಳೆ, ಸಂಬಳ ಅಲ್ಲೇ ಜಮೆಯಾಗುತ್ತದೆ. ಇದು ಕದ್ರಿಯಲ್ಲಿ ಕೂತು ಮಾಡುವ ಕೆಲಸವಾ, ಜರ್ಮನಿಯ ಕೆಲಸವಾ?" ಕೆಲವು ದೇಶಗಳು ಇಂಥವರಿಗೆಂದೇ ವೀಸಾ ಕೊಡುತ್ತವೆ, ಭಾರತದಲ್ಲಿ ಅದಿಲ್ಲ. ಯಾರೋ ಗೆಳೆಯರು "ಏನೂ ಆಗುವುದಿಲ್ಲ ಮಾರಾಯ್ರೆ" ಎಂದರೆಂದು ನೆಚ್ಚಿಕೊಳ್ಳಬೇಡಿ. ಎಫ್‌ಆರ್‌ಆರ್‌ಒಗೆ ಇ-ಮೇಲ್ ಬರೆದು ಲಿಖಿತ ಉತ್ತರ ಪಡೆಯಿರಿ. ಉದ್ದುದ್ದ ಕಥೆ ಬೇಡ. "ನಾನು ಭಾರತೀಯರ ಪತ್ನಿ, ಎಕ್ಸ್ ವೀಸಾದಲ್ಲಿ ಮಂಗಳೂರಿನಲ್ಲಿದ್ದೇನೆ. ವಿದೇಶದ ಕಂಪೆನಿಗೆ ಮನೆಯಿಂದ ಕೆಲಸ ಮಾಡಲು, ಸಂಬಳ ವಿದೇಶದಲ್ಲೇ ಪಡೆಯಲು, ಅನುಮತಿ ಬೇಕೇ? ಬೇಕಾದರೆ ಯಾವ ಸೇವೆಯಡಿ ಅರ್ಜಿ ಹಾಕಬೇಕು?" ಇಷ್ಟು ಬರೆದು ಪಾಸ್‌ಪೋರ್ಟ್, ವೀಸಾ ಪ್ರತಿ ಲಗತ್ತಿಸಿ. ಆದಾಯ ತೆರಿಗೆ ಬೇರೆಯೇ ಲೆಕ್ಕ: ಒಂದು ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿದ್ದರೆ ಸಾಮಾನ್ಯವಾಗಿ ತೆರಿಗೆಯ ಮಟ್ಟಿಗೆ ನಿವಾಸಿ ಎನಿಸಿಕೊಳ್ಳುತ್ತಾರೆ. ಆಡಿಟರನ್ನು ಕಾಣಿ.

5. ಒಸಿಐ ಅರ್ಜಿ ಹಾಕುವಾಗ

ಅರ್ಜಿ ಒಸಿಐ ಸೇವೆಗಳ ಸರ್ಕಾರಿ ಜಾಲತಾಣದಲ್ಲಿ. ಭಾರತದಲ್ಲಿದ್ದುಕೊಂಡು ಹಾಕಿದರೆ ಶುಲ್ಕ 15,000 ರೂಪಾಯಿ, ಹೊರಗಿನಿಂದಾದರೆ 275 ಅಮೆರಿಕನ್ ಡಾಲರ್. ನಮ್ಮ ಕಡೆಯವರ ಕಾಗದಪತ್ರ ಹೋಗುವುದು ಬೆಂಗಳೂರಿನ ಕಚೇರಿಗೆ. ಟೂರಿಸ್ಟ್ ವೀಸಾದಲ್ಲಿರುವವರು ಭಾರತದೊಳಗಿಂದ ಅರ್ಜಿ ಹಾಕುವಂತಿಲ್ಲ.

ಅಮೆರಿಕದಲ್ಲಿ ಹುಟ್ಟಿದ ತಂಗಿಯ ಮಗನಂಥವರಿಗೆ ಎರಡು ವರ್ಷದ ಕಾಯುವಿಕೆ ಇಲ್ಲ. ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಇವರಲ್ಲಿ ಒಬ್ಬರ ಭಾರತೀಯ ಪೌರತ್ವದ ದಾಖಲೆ ಮತ್ತು ಅವರೊಂದಿಗಿನ ಸಂಬಂಧ ತೋರಿಸುವ ಜನನ ಪ್ರಮಾಣಪತ್ರಗಳು ಬೇಕು. ಹೆಸರುಗಳು ತಾಳೆಯಾಗಬೇಕು. ಅಮ್ಮನ ಶಾಲಾ ದಾಖಲೆಯಲ್ಲಿ ಒಂದು ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಬರೀ ಹೆಸರು, ಮಗನ ಜನನ ಪತ್ರದಲ್ಲಿ ಶೆಟ್ಟಿಯೋ ಡಿಸೋಜವೋ ಸೇರಿಕೊಂಡಿದ್ದರೆ, ಮೂರೂ ಒಬ್ಬರೇ ಎಂದು ನೋಟರಿ ಅಫಿದವಿತ್ ಮಾಡಿಸಿ ಮೊದಲೇ ಇಟ್ಟುಕೊಳ್ಳಿ.

ಮೊದಲು ಭಾರತೀಯರಾಗಿದ್ದು ಆಮೇಲೆ ವಿದೇಶಿ ಪೌರತ್ವ ಪಡೆದವರು ಹಳೆಯ ಭಾರತೀಯ ಪಾಸ್‌ಪೋರ್ಟನ್ನು ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯಲೇಬೇಕು. ಅದಿಲ್ಲದೆ ಒಸಿಐ ಮುಂದೆ ಹೋಗುವುದಿಲ್ಲ. ಹಳೆಯ ಪಾಸ್‌ಪೋರ್ಟನ್ನು ಕಪಾಟಿನಲ್ಲಿಟ್ಟುಕೊಂಡು, ಅದರ ಬಲದಲ್ಲಿ ಊರಿನಲ್ಲಿ ಕೆಲಸಕ್ಕೆ ಸೇರುವವರೂ ಇದ್ದಾರೆ. ಅದು ಅಪರಾಧ, ಅಷ್ಟೇ.

ಮದುವೆಯ ಆಧಾರದ ಅರ್ಜಿಗೆ ಭದ್ರತಾ ಪರಿಶೀಲನೆ ಕಡ್ಡಾಯ. ಅದಕ್ಕೆ ಸಮಯ ಹಿಡಿಯುತ್ತದೆ, ಒತ್ತಡ ಹಾಕಿ ಪ್ರಯೋಜನವಿಲ್ಲ. ಠಾಣೆಯಿಂದ ವಿಳಾಸ ವಿಚಾರಣೆಗೆ ಬಂದರೆ ಮನೆಯಲ್ಲಿ ಇಬ್ಬರೂ ಇರಿ, ಒರಿಜಿನಲ್ ದಾಖಲೆಗಳನ್ನು ಮುಂದಿಡಿ. "ಒಳಗಿಂದ ಮಾಡಿಸಿಕೊಡ್ತೇನೆ" ಎನ್ನುವ ಏಜೆಂಟರಿಗೆ ಕೊಡುವ ದುಡ್ಡಿನಲ್ಲಿ ಒಬ್ಬ ಒಳ್ಳೆಯ ವಕೀಲರಿಂದ ದಾಖಲೆ ಪರಿಶೀಲನೆ ಮಾಡಿಸಬಹುದು.

6. ಕಾರ್ಡ್ ಬಂತು. ಇನ್ನು ಯಾವ ಕೆಲಸ?

ಖಾಸಗಿ ಕಂಪೆನಿ, ಶಾಲೆ, ಸ್ವಂತ ವ್ಯಾಪಾರ, ಟ್ಯೂಷನ್, ಕುಸ್ವಾರ್ ಎಲ್ಲವೂ ಸರಿ. 2021ರ ಮಾರ್ಚ್ 4ರ ಕೇಂದ್ರ ಅಧಿಸೂಚನೆಯ ಪ್ರಕಾರ ವೈದ್ಯರು, ದಂತವೈದ್ಯರು, ನರ್ಸ್‌ಗಳು, ಫಾರ್ಮಸಿಸ್ಟ್‌ಗಳು, ವಕೀಲರು, ವಾಸ್ತುಶಿಲ್ಪಿಗಳು, ಚಾರ್ಟರ್ಡ್ ಅಕೌಂಟೆಂಟ್‌ಗಳಾಗಿಯೂ ವೃತ್ತಿ ನಡೆಸಬಹುದು. ಆದರೆ ಆಯಾ ವೃತ್ತಿಯ ಕಾಯ್ದೆಗೆ ಒಳಪಟ್ಟು. ಒಸಿಐ ಇದೆಯೆಂದು ವಿದೇಶದ ಎಂಡಿ ಪದವಿಯಲ್ಲಿ ನೇರವಾಗಿ ಕ್ಲಿನಿಕ್ ತೆರೆಯಲಾಗದು. ವೈದ್ಯಕೀಯ ಪರಿಷತ್ತಿನ ನೋಂದಣಿ ಬೇರೆಯೇ ಪರೀಕ್ಷೆ.

ಅದೇ ಅಧಿಸೂಚನೆಯಲ್ಲಿ ಮೊದಲೇ ವಿಶೇಷ ಅನುಮತಿ ಪಡೆಯಬೇಕಾದ ಪಟ್ಟಿಯೂ ಇದೆ: ಸಂಶೋಧನೆ, ಮಿಷನರಿ ಮತ್ತು ತಬ್ಲೀಘ್ ಚಟುವಟಿಕೆ, ಪರ್ವತಾರೋಹಣ, ಪತ್ರಿಕೋದ್ಯಮ, ವಿದೇಶಿ ರಾಯಭಾರ ಕಚೇರಿ ಅಥವಾ ವಿದೇಶಿ ಸರ್ಕಾರಿ ಸಂಸ್ಥೆಗಳಲ್ಲಿ ಉದ್ಯೋಗ ಇಲ್ಲವೇ ಇಂಟರ್ನ್‌ಶಿಪ್. ಮಣಿಪಾಲಕ್ಕೆ ಪಿಎಚ್‌ಡಿಗೆ ಬರುವ ಒಸಿಐ ವಿದ್ಯಾರ್ಥಿಗಳು "ಸಂಶೋಧನೆ" ಎಂಬ ಪದವನ್ನು ಗಮನಿಸದೆ ಸೇರಿಬಿಡುತ್ತಾರೆ. ಸೇರುವ ಮುಂಚೆ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ವಿಭಾಗದಲ್ಲಿ ಕೇಳಿ.

ಸರ್ಕಾರಿ ಹುದ್ದೆ ಸಾಮಾನ್ಯವಾಗಿ ಸಿಗುವುದಿಲ್ಲ. ಕೃಷಿಯ ಕನಸು ಕಂಡು ಬರುವವರಿಗೂ ಒಂದು ಕಹಿ ಮಾತು: ಒಸಿಐ ಕಾರ್ಡುದಾರರು ಕೃಷಿ ಜಮೀನು, ತೋಟ ಖರೀದಿಸುವಂತಿಲ್ಲ. ಪಿತ್ರಾರ್ಜಿತವಾಗಿ ಬಂದ ಅಡಿಕೆ ತೋಟ ಇಟ್ಟುಕೊಳ್ಳಬಹುದು, ಪಕ್ಕದ ಎರಡು ಎಕರೆ ಕೊಳ್ಳಲು ಆಗದು.

ಮದುವೆಯ ಆಧಾರದಲ್ಲಿ ಒಸಿಐ ಪಡೆದವರು ವಿಚ್ಛೇದನವಾದರೆ ಕಾರ್ಡ್ ಕಳೆದುಕೊಳ್ಳಬಹುದು. ಕೆಲಸ ಆ ಕಾರ್ಡಿನ ಮೇಲೇ ನಿಂತಿರುತ್ತದೆ ಎಂಬುದನ್ನು ಮರೆಯಬೇಡಿ.

7. ವಿದ್ಯಾರ್ಥಿಗಳು

ಕೋರ್ಸಿನ ಭಾಗವಾದ ಇಂಟರ್ನ್‌ಶಿಪ್ ಓದಿನ ಲೆಕ್ಕಕ್ಕೇ ಸೇರುತ್ತದೆ. ಎಂಬಿಬಿಎಸ್ ಮುಗಿಸಿದವರ ಕಡ್ಡಾಯ ಇಂಟರ್ನ್‌ಶಿಪ್ ಇಂಥದ್ದು. ವೀಸಾ ಅವಧಿ ಇಂಟರ್ನ್‌ಶಿಪ್ ಮುಗಿಯುವ ದಿನದವರೆಗೆ ಇದೆಯೇ ಎಂದು ಮೊದಲೇ ನೋಡಿ, ಇಲ್ಲದಿದ್ದರೆ ಕಾಲೇಜಿನ ಬೋನಫೈಡ್ ಪತ್ರ ಹಾಕಿ ವಿಸ್ತರಣೆ ಕೇಳಿ. ಕಾಲೇಜು ಬದಲಿಸಿದರೂ ಎಫ್‌ಆರ್‌ಆರ್‌ಒ ಅನುಮತಿ ಬೇಕು.

ಕೆಫೆ, ಡೆಲಿವರಿ, ಪಾರ್ಟಿಗಳಲ್ಲಿ ಡಿಜೆ, ಫ್ರೀಲ್ಯಾನ್ಸ್ ಡಿಸೈನ್ ಇವೆಲ್ಲ ಕೂಡದು. ಕೈಗೆ ನಗದು ಕೊಟ್ಟರೆ ಗೊತ್ತಾಗುವುದಿಲ್ಲ ಎಂದು ಹೇಳುವ ಸೀನಿಯರ್‌ಗಳ ಮಾತು ಕೇಳಿ ಪದವಿಯನ್ನೇ ಪಣಕ್ಕಿಡಬೇಡಿ. ಓದು ಮುಗಿದ ಮೇಲೆ ಇಂಟರ್ನ್ ವೀಸಾ ಎಂಬ ಬೇರೆಯೇ ಬಗೆ ಇದೆ, ಕೆಲಸವಾದರೆ ಮೂರನೇ ಹಂತದಲ್ಲಿ ಹೇಳಿದ್ದೇ ಅನ್ವಯ.

8. ಕೆಲಸಕ್ಕಿಡುವವರು ನೋಡಬೇಕಾದ್ದು

ಪಾಸ್‌ಪೋರ್ಟ್ ಮತ್ತು ವೀಸಾ ಅಥವಾ ಒಸಿಐ ಕಾರ್ಡಿನ ಒರಿಜಿನಲ್ ನೋಡಿ, ಜೆರಾಕ್ಸ್ ಇಟ್ಟುಕೊಳ್ಳಿ. ವೀಸಾ ಮುಗಿಯುವ ದಿನವನ್ನು ಎಚ್‌ಆರ್ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ನೌಕರರ ಪಾಸ್‌ಪೋರ್ಟನ್ನು "ಭದ್ರತೆಗೆ" ಎಂದು ಬೀರುವಿನಲ್ಲಿಟ್ಟುಕೊಳ್ಳಬೇಡಿ, ಅದು ಗಲ್ಫ್‌ನಿಂದ ಕಲಿತು ಬಂದ ಕೆಟ್ಟ ಚಾಳಿ. ವಿದೇಶಿ ಪ್ರಜೆಗಳಿಗೆ ಪ್ಯಾನ್ ಅರ್ಜಿಯ ನಮೂನೆ ಬೇರೆ ಇದೆ, ಸೈಬರ್ ಸೆಂಟರಿನವರು ಭಾರತೀಯರ ನಮೂನೆಯನ್ನೇ ತುಂಬಿಬಿಡುತ್ತಾರೆ. ಆಮೇಲೆ ಪೌರತ್ವದ ಕಾಲಂ ಸರಿಪಡಿಸುವುದರಲ್ಲಿ ಸುಸ್ತು.

9. ಅವಧಿ ಮುಗಿಯುವ ಮುಂಚೆ

ಒಸಿಐ ಅರ್ಜಿ ಹಾಕಿದ್ದೇವೆ, ಇನ್ನು ವೀಸಾ ಯಾಕೆ ಎಂದುಕೊಂಡು ಎಕ್ಸ್ ವೀಸಾ ಮುಗಿಯಲು ಬಿಡುವವರಿದ್ದಾರೆ. ಅರ್ಜಿಯ ಸ್ವೀಕೃತಿ ಚೀಟಿ ವೀಸಾ ಅಲ್ಲ, ಕೆಲಸದ ಅನುಮತಿಯಂತೂ ಅಲ್ಲವೇ ಅಲ್ಲ. ಕಾರ್ಡ್ ಕೈಗೆ ಬರುವವರೆಗೆ ಇರುವ ವೀಸಾವನ್ನು ಜೀವಂತವಾಗಿಡಬೇಕು. ಮುಗಿಯಲು ಎರಡು ತಿಂಗಳಿರುವಾಗಲೇ ಇ-ಎಫ್‌ಆರ್‌ಆರ್‌ಒದಲ್ಲಿ ವಿಸ್ತರಣೆಗೆ ಅರ್ಜಿ ಹಾಕಿ. ಆ ಹೊತ್ತಿಗೆ ಮನೆ ಬದಲಿಸಿದ್ದರೆ ವಿಳಾಸ ಬದಲಾವಣೆಯ ಅರ್ಜಿ ಮೊದಲು, ವಿಸ್ತರಣೆ ಆಮೇಲೆ. ಪಾಸ್‌ಪೋರ್ಟೇ ಮುಗಿಯುವುದರಲ್ಲಿದ್ದರೆ ಅದನ್ನು ನವೀಕರಿಸಿಕೊಂಡು ಬಂದ ಮೇಲೆಯೇ ಉಳಿದದ್ದು. ಹೊಸ ಪಾಸ್‌ಪೋರ್ಟ್ ಬಂದಾಗ ಹಳೆಯದನ್ನು ಬಿಸಾಡಬೇಡಿ, ವೀಸಾ ಸ್ಟಿಕ್ಕರ್ ಇರುವುದು ಅದರಲ್ಲೇ.